ಅಕ್ಕನ ಮೂಡಗಡೆ ಗೋಡೆ

ಹಸಿ ಸಿಮೆಂಟಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಬರುತ್ತಲ್ಲ, ಅದು ನನಗೆ ಮಲ್ಲಿಗೆ ಹೂವಿಗಿಂತ ಇಷ್ಟ. ಹೇಳಿದ್ರೆ ನಗ್ತಾರೆ. ನಗ್ಲಿ. ಹೋದ ವಾರ ಬಟ್ಟೆ ಒಣಹಾಕೋಕೆ ತಾರಸಿ ಮೇಲೆ ಹೋದಾಗ ಆ ವಾಸನೆ ಗಪ್ಪಂತ ಮೂಗಿಗೆ ಬಡೀತು. ಆಚೆಮನೆಯವನು ಹೊಸದಾಗಿ ಎಬ್ಬಿಸಿರೋ ಮಹಡಿಗೆ ಗಾರೆ ಮಾಡಿಸ್ತಿದ್ದ, ಆಳುಗಳು ಪೈಪು ಹಿಡಿದು ಗೋಡೆಗೆ ನೀರು ಹೊಡೀತಿದ್ರು. ನಾನು ಒದ್ದೆ ಸೀರೆ ಕೈಯಲ್ಲಿ ಹಿಡ್ಕೊಂಡು ಹಾಗೇ ನಿಂತುಬಿಟ್ಟೆ. ಅವನ ಮನೆಗೂ ನಮ್ಮ ಮನೆಗೂ ಮಧ್ಯ ಇರೋ ಪುಟ್ಟ ಮನೆಯ ಅಕ್ಕ ನೆನಪಾದ್ರು...

ಅಕ್ಕ ಅಂದ್ರೆ ಒಡಹುಟ್ಟಿದವರಲ್ಲ, ಪಕ್ಕದ ಮನೆಯವರು. ನಮ್ಮೂರು ಮುಳಬಾಗಿಲಿಂದ ಕುರುಡುಮಲೆಗೆ ಹೋಗೋ ದಾರೀಲಿದೆ. ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ನನ್ನ ಜೊತೆ ಮೊದಲು ಮಾತಾಡಿದ್ದೇ ಅವರು. "ನಿಮ್ಮತ್ತೆ ಬಾಯಿ ಜೋರು, ನೀನೂ ಜೋರು ಮಾಡ್ಕೋ ಕಣೇ, ಇಲ್ದಿದ್ರೆ ಬದುಕಲ್ಲ," ಅಂದ್ರು. ನಮ್ಮತ್ತೆ ಅಲ್ಲೇ ಕೂತಿದ್ರು! ಅವರ ತೌರೂರು ಹೋಳೂರು. ಗಂಡ ಜ್ವರ ಬಂದು ಹೋಗಿಬಿಟ್ಟಿದ್ರು. ಒಬ್ಬಳೇ ಮಗಳು, ಕೋಲಾರದ ಹಾಸ್ಟೆಲ್ಲಲ್ಲಿ ಓದ್ತಿದ್ದಳು. ಅಕ್ಕ ದಿನಾ ಬೆಳಿಗ್ಗೆ ಬುತ್ತಿ ಕಟ್ಕೊಂಡು ಗಾರೆ ಕೆಲಸಕ್ಕೆ ಹೋಗೋರು. ಗಾರೆ ಕೆಲಸ ಅಂದ್ರೆ ಬಾಂಡ್ಲಿ ಹೊರೋದು, ಮರಳು ಜರಡಿ ಹಿಡಿಯೋದು, ಸಿಮೆಂಟು ಕಲಸೋದು. ಗೋಡೆಗೆ ಮೆತ್ತೋ ಕರಣೆ ಮಾತ್ರ ಮೇಸ್ತ್ರಿ ಕೈಯಲ್ಲಿ. ನಮ್ಮ ಕಡೆ ಹೆಂಗಸು ಎಷ್ಟು ವರ್ಷ ಬೇಕಾದ್ರೂ ಬಾಂಡ್ಲಿ ಹೊರಬಹುದು, ಕರಣೆಗೆ ಮಾತ್ರ ಕೈ ಹಚ್ಚೋ ಹಾಗಿಲ್ಲ. ಯಾರು ಈ ಕಾನೂನು ಮಾಡಿದ್ರೋ ಅವರ ಮನೆ ಹಾಳಾಗ.

ಗಂಡ ಹೋದ ಮೇಲೆ ಮೈದುನ ಭಾಗ ಕೇಳಿದ. ಹಳೇ ಮನೆಯನ್ನ ನಡುವೆ ಸೀಳಿ ಇಬ್ಬರಿಗೂ ಹಂಚಿದ್ರು. ಅವನು ತನ್ನ ಭಾಗ ಕೆಡವಿ, ಅಂಗಳ ಬಿಟ್ಟು, ಹಿಂದಕ್ಕೆ ಹೊಸ ಮನೆ ಕಟ್ಟಿಕೊಂಡ. ಆವಾಗ ಆಯ್ತು ನೋಡಿ ಅನಾಹುತ. ಅಲ್ಲೀವರೆಗೆ ಮನೆಯೊಳಗಿದ್ದ ನಡುಗೋಡೆ ಒಂದೇ ದಿನಕ್ಕೆ ಬಯಲಿಗೆ ಬಿತ್ತು! ಮಳೆ ಕಾಣದ ಗೋಡೆ ಅದು. ಬುಡದಲ್ಲಿ ಚಪ್ಪಡಿ ಕಲ್ಲು, ಅದರ ಮೇಲೆ ಮಣ್ಣಿನ ಗೋಡೆ. ಮುಂಚೆ ಬಾಗಿಲಿದ್ದ ಕಡೆ ಅಕ್ಕ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಬೇಡ ಅಂತ ಎಸೆದಿದ್ದ ಸೊಟ್ಟ ಇಟ್ಟಿಗೆ ತರಿಸಿ ಮುಚ್ಚಿಸಿದ್ರು. ಚಾವಣಿ ಕೂರೋಕೆ ಮೇಲೆ ಸಿಮೆಂಟ್ ಬ್ಲಾಕು. ಒಂದೇ ಗೋಡೇಲಿ ನಾಲ್ಕು ಜಾತಿ. ದೀಪ ಇಡೋ ಗೂಡು ಕೂಡ ಹೊರಗಿಂದ ಕಾಣ್ತಿತ್ತು, ಅದರ ಎಣ್ಣೆ ಮಸಿ ಸಮೇತ. ನೋಡಿದ್ರೆ ಹೊಟ್ಟೆ ಉರೀತಿತ್ತು ನನಗೆ.

ಅದು ಮೂಡಗಡೆ ಗೋಡೆ ಬೇರೆ. ನಮ್ಮ ಕಡೆ ಜೋರು ಮಳೆ ಬರೋದೇ ದೀಪಾವಳಿ ಆಸುಪಾಸು, ಮದ್ರಾಸಿನ ಕಡೆ ಸೈಕ್ಲೋನ್ ಎದ್ದಾಗ, ಮೂಡಲಿಂದ ಬೀಸಿ ಬೀಸಿ ಹೊಡೆಯುತ್ತೆ. ಗಾರೆ ಇಲ್ಲದ ಮಣ್ಣು ಗೋಡೆ ಅಂಥ ಮಳೇಲಿ ನೆಂದು ಕುಸಿದ್ರೆ ಮೇಲಿನ ಕಲ್ಲು ಚಪ್ಪಡಿ ಚಾವಣಿ ನೇರ ತಲೆ ಮೇಲೆ. ಮಳೆಗಿಂತ ಮುಂಚೆ ಆ ಗೋಡೆಗೆ ಗಾರೆ ಆಗಲೇಬೇಕಿತ್ತು. ಆದ್ರೆ ಗೋಡೆಯ ಆಚೆ ಒಂದು ಗೇಣೂ ಅಕ್ಕನದಲ್ಲ, ಮೈದುನನ ಅಂಗಳ. ಅಲ್ಲಿ ಹತ್ತಿ ನಿಲ್ಲೋಕೆ ಬೊಂಬಿನ ಸಾರವೆ ಕಟ್ಟದೆ ಯಾವ ಮೇಸ್ತ್ರಿ ತಾನೆ ಗಾರೆ ಮಾಡ್ತಾನೆ?

ಅಕ್ಕ ಮೊದಲು ಒಳ್ಳೇ ಮಾತಲ್ಲೇ ಕೇಳಿದ್ರು. ನಾನು ಜೊತೇಲಿದ್ದೆ.

"ನಾಲ್ಕು ದಿನ ಸಾರವೆ ಕಟ್ಕೋತೀನಿ ಕಣೋ. ಕೆಲಸ ಮುಗಿದ ಮೇಲೆ ನಿನ್ನ ಅಂಗಳ ಗುಡಿಸಿ ಸಾರಿಸಿ ಕೊಡ್ತೀನಿ."

ಅವನು ಮುಖ ಎತ್ತಲಿಲ್ಲ. "ಇವತ್ತು ಸಾರವೆ ಅಂತೀರಾ, ನಾಳೆ ದಾರಿ ಅಂತೀರಾ. ನನ್ನ ಜಾಗದಲ್ಲಿ ಯಾರೂ ಕಾಲಿಡೋ ಹಾಗಿಲ್ಲ ಅತ್ತಿಗೆ. ಅಷ್ಟು ಕಷ್ಟ ಆದ್ರೆ ಭಾಗ ನನಗೇ ಬರೆದುಕೊಟ್ಟು ಹೋಳೂರಿಗೆ ಹೋಗಿ."

ಆಯ್ತಲ್ಲ, ಹೊಟ್ಟೇಲಿದ್ದದ್ದು ಬಾಯಿಗೆ ಬಂತು. ಗೋಡೆ ಬೀಳಲಿ ಅಂತಾನೇ ಅವನು ಕಾಯ್ತಿದ್ದದ್ದು. ಮದುವೆಯಾಗಿ ಬಂದಾಗ ಇದೇ ಮೈದುನನ ಮೂಗು ಒರೆಸಿ, ಸ್ಕೂಲಿಗೆ ಕಳಿಸಿದ್ದು ಅಕ್ಕ. ಊರಿನ ಹಿರಿಯರು ಕೂತು, ಕಾಫಿ ಕುಡಿದು, "ಗೋಡೆ ಅವಳದು, ಜಾಗ ಇವನದು, ನಾವೇನು ಹೇಳೋದು" ಅಂದು ಟವೆಲ್ಲು ಕೊಡವಿಕೊಂಡು ಎದ್ದುಹೋದ್ರು. ಮೇಸ್ತ್ರಿಗಳೂ ಕೈ ಎತ್ತಿದ್ರು. ಮಾಲೂರಿಂದ ಇಟ್ಟಿಗೆ ತರೋ ಟ್ರ್ಯಾಕ್ಟರು ಮೈದುನಂದೇ, ಸುತ್ತಲ ಊರುಗಳಲ್ಲಿ ಅವರಿಗೆ ಕೆಲಸ ಕೊಡಿಸೋನೂ ಅವನೇ. ಅವನನ್ನ ಎದುರು ಹಾಕ್ಕೊಳ್ಳೋಕೆ ಯಾರಿಗೂ ಧೈರ್ಯ ಇರಲಿಲ್ಲ.

ಅಕ್ಕ ಒಂದು ದಿನ ಮುಳಬಾಗಿಲಿಗೆ ಹೋಗಿ ಬಂದ್ರು. ಬ್ಯಾಗಿಂದ ಹೊಸ ಕರಣೆ ತೆಗೆದು ನನ್ನ ಮುಂದೆ ಇಟ್ಟರು.

"ಯಾರಿಗೆ ಅಕ್ಕಾ ಇದು?"

"ನನಗೇ. ಇಷ್ಟು ವರ್ಷ ಅವರ ಕಾಲ ಬುಡದಲ್ಲಿ ನಿಂತು ನೋಡಿದ್ದೀನಿ. ಅವರ ಕೈಯೇನು ದೇವರು ಬೇರೆ ಮಣ್ಣಲ್ಲಿ ಮಾಡಿದ್ದಾನಾ?"

"ಸಾರವೆ?"

"ಮೇಲಿಂದ ಇಳೀತೀನಿ."

ನಾನು ತಮಾಷೆ ಅಂದ್ಕೊಂಡೆ. ಅಲ್ಲ! ನಮ್ಮ ಮನೆಯ ಉಯ್ಯಾಲೆ ಹಲಗೆ ಬಿಚ್ಚಿಸಿದ್ರು. ಅದಕ್ಕೆ ಬಾವಿ ಹಗ್ಗ ಎರಡೂ ಕಡೆ ಕಟ್ಟಿ, ತಮ್ಮ ತಾರಸಿ ಮೇಲಿಂದ ಹಾಯಿಸಿ, ಈಚೆ ನಮ್ಮ ಹಿತ್ತಲಲ್ಲಿ ಹಸು ಕಟ್ಟೋ ಕಲ್ಲು ಕಂಬಗಳಿಗೆ ಬಿಗಿದ್ರು. ಸೀರೆ ಕಚ್ಚೆ ಕಟ್ಟಿ, ಮೇಲೆ ಗಂಡನ ಹಳೇ ಶರ್ಟು ತೊಟ್ಟು, ಹಲಗೆ ಮೇಲೆ ಕೂತು ಆ ಗೋಡೆಗೆ ನೇತುಬಿದ್ರು. ನಾನೂ ನಮ್ಮತ್ತೆಯೂ ಮೇಲಿಂದ ಹಗ್ಗದಲ್ಲಿ ಬಾಂಡ್ಲಿ ಇಳಿಸಬೇಕು. ನಾನು "ಬಿದ್ದುಗಿದ್ದೀರಾ ಅಕ್ಕಾ!" ಅಂದ್ರೆ, "ಏಂ ಕಾದು," ಅಂದ್ರು. ಏನೂ ಆಗಲ್ಲ ಅನ್ನೋದನ್ನ ಅವರು ಯಾವಾಗಲೂ ತೆಲುಗಲ್ಲೇ ಹೇಳೋರು, ಧೈರ್ಯ ಆ ಭಾಷೇಲೇ ಬರೋ ಹಾಗೆ.

ಮೊದಲ ದಿನದ ಕೆಲಸ ನೋಡಿ ನಾವು ಮೂವರೂ ಬೀಗಿದ್ದೇ ಬೀಗಿದ್ದು. ಮಾರನೇ ದಿನ ಮಧ್ಯಾಹ್ನ ದಬ್ ಅಂತ ಸದ್ದು. ಮಣ್ಣಿನ ಭಾಗದ ಮೇಲೆ ಮೆತ್ತಿದ್ದ ಸಿಮೆಂಟೆಲ್ಲ ರೊಟ್ಟಿ ಎದ್ದ ಹಾಗೆ ಎದ್ದು ಕೆಳಗೆ ಬಿತ್ತು. ಮೈದುನನ ಅಂಗಳಕ್ಕೆ! ಅವನು ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಕ್ಕ. "ನನ್ನ ಜಾಗದಲ್ಲಿ ಬಿದ್ದಿದ್ದು ನನ್ನದು, ಯಾರೂ ಎತ್ತೋ ಹಾಗಿಲ್ಲ," ಅಂದ. ಒಡೆದ ಸಿಮೆಂಟ್ ಹಾಳೆ ತಗೊಂಡು ಏನು ಉಪ್ಪಿನಕಾಯಿ ಹಾಕ್ಕೋತಾನೋ! ಆವತ್ತು ಸಾಯಂಕಾಲ ಅಕ್ಕ ಒಲೆ ಹಚ್ಚಲಿಲ್ಲ. ನಾನು ಮುದ್ದೆ, ಸೊಪ್ಪಿನ ಸಾರು ತಗೊಂಡು ಹೋದ್ರೆ, ತಟ್ಟೆ ಮುಂದಿಟ್ಟುಕೊಂಡು, "ಹೋಗಿಬಿಡ್ಲೇನೇ ಹೋಳೂರಿಗೆ?" ಅಂದ್ರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. "ಹೋಗಿ. ಹೋದ್ರೆ ನಾನು ಜನ್ಮದಲ್ಲಿ ಮಾತಾಡ್ಸಲ್ಲ," ಅಂದೆ. ಅವರು ಮುದ್ದೆ ಮುರಿದು ನುಂಗಿದ್ರು.

ಬೆಳಿಗ್ಗೆ ನೋಡ್ತೀನಿ, ಅಕ್ಕ ಹಿತ್ತಲಲ್ಲಿ ಕೋಳಿಗೂಡಿನ ಜಾಲರಿ ಕೀಳ್ತಿದ್ದಾರೆ. ಮುಳಬಾಗಿಲಲ್ಲಿ ಯಾವುದೋ ಕಟ್ಟಡದಲ್ಲಿ ಕಂಬವೂ ಗೋಡೆಯೂ ಸೇರೋ ಕಡೆ ಮೇಸ್ತ್ರಿಗಳು ಇಂಥದೇ ಜಾಲರಿ ಮೊಳೆ ಹೊಡೆದು ಅದರ ಮೇಲೆ ಗಾರೆ ಮಾಡಿದ್ದು ನೆನಪಾಯ್ತಂತೆ. ಒಂದೊಂದು ಜಾತಿ ಒಂದೊಂದು ಥರ ನೀರು ಕುಡಿಯುತ್ತೆ, ಒಣಗುತ್ತೆ, ಅದಕ್ಕೇ ಸೇರೋ ಜಾಗದಲ್ಲಿ ಬಿರುಕು ಬಿಡುತ್ತೆ, ಮಣ್ಣಂತೂ ಸಿಮೆಂಟನ್ನ ಹಿಡ್ಕೊಳ್ಳೋದೇ ಇಲ್ಲ ಅಂದ್ರು. ಮಣ್ಣಿನ ಮೇಲೆಲ್ಲ ಜಾಲರಿ ಹೊದಿಸಿ, ಇಟ್ಟಿಗೆ, ಬ್ಲಾಕು ಸೇರೋ ಕಡೆ ಪಟ್ಟಿ ಹಾಕಿ, ಉದ್ದ ಮೊಳೆ ಜಡಿದ್ರು. ಅದರ ಮೇಲೆ ಮೊದಲು ನೀರು ನೀರಾಗಿ ಕಲಸಿದ ಸಿಮೆಂಟು ಮರಳನ್ನ ಕೈಯಿಂದಲೇ ಎರಚಿ ಒರಟು ಮಾಡಿ, ಒಣಗಿದ ಮೇಲೆ ಗಾರೆ ಶುರು ಮಾಡಿದ್ರು.

ಗೂಡಿಲ್ಲದ ಕೋಳಿಗಳು ಮೈದುನನ ಅಂಗಳ, ಅವನ ಹಿಪ್ಪುನೇರಳೆ ಸಸಿ ಎಲ್ಲ ಕೆದಕಿ ಹಾಕಿದ್ವು. ಅವನು ಕೂಗಾಡಿಕೊಂಡು ಬಂದ. ಅಕ್ಕ ಅವನ ತಲೆಗಿಂತ ಎತ್ತರದಲ್ಲಿ ನೇತಾಡ್ತಿದ್ರು.

"ನಾನಂತೂ ನಿನ್ನ ಜಾಗಕ್ಕೆ ಕಾಲಿಟ್ಟಿಲ್ಲಪ್ಪ. ಕೋಳಿಗೆ ಭಾಗದ ವಿಚಾರ ನೀನೇ ಹೇಳು," ಅಂದ್ರು.

ಸುತ್ತ ಸೇರಿದ್ದ ಜನ ಕಿಸಕ್ಕಂತ ನಕ್ಕರು. ಅವನ ಮುಖ ಕೆಂಪಗಾಯ್ತು. "ನೀವು ನೇತಾಡ್ತಿರೋದೂ ನನ್ನ ಜಾಗದ ಮೇಲೇನೇ! ಇಳೀರಿ ಕೆಳಗೆ! ಹಗ್ಗ ಕುಯ್ದುಹಾಕ್ತೀನಿ!" ಅಂದ.

ಅಕ್ಕ ಕರಣೆ ನಿಲ್ಲಿಸಿ, ಹಲಗೆ ಮೇಲೇ ತಿರುಗಿ ಕೂತ್ರು. ನಾನು ಮೇಲೆ ಹಗ್ಗ ಗಟ್ಟಿಯಾಗಿ ಹಿಡ್ಕೊಂಡೆ.

"ಏನ್ಲಾ, ಗಾಳೀನೂ ಭಾಗ ಮಾಡಿಸ್ಕೊಂಡಿದ್ದೀಯೇನ್ಲಾ? ಯಾರು ಅಳೆದುಕೊಟ್ರು? ಬಾ, ಕುಯ್ಯಿ ಹಗ್ಗ. ನಿನ್ನ ಅಂಗಳದಲ್ಲೇ ಬಿದ್ದು ಸಾಯ್ತೀನಿ. ಬಿದ್ದಿದ್ದೆಲ್ಲ ನಿನ್ನದು ಅಂದ್ಯಲ್ಲ, ನನ್ನ ಹೆಣಾನೂ ನೀನೇ ಇಟ್ಕೋ!"

ಅವನು ಕುಯ್ಯಲಿಲ್ಲ. ಹಗ್ಗದ ತುದಿ ಇದ್ದದ್ದು ನಮ್ಮ ಹಿತ್ತಲಲ್ಲಿ, ಅಷ್ಟರಲ್ಲಿ ತಾರಸಿಯಿಂದ ಇಳಿದು ಹೋಗಿ ಅಲ್ಲಿ ಮಚ್ಚು ಹಿಡ್ಕೊಂಡು ನಮ್ಮತ್ತೆ ಕೂತಿದ್ರು. ಸೌದೆ ಸೀಳೋಕೆ ಅಂತ ಆಮೇಲೆ ಹೇಳಿದ್ರು. ಅವತ್ತು ಅವರು ಒಂದು ಕಡ್ಡಿಯನ್ನೂ ಸೀಳಲಿಲ್ಲ.

ಗೋಡೆ ಮುಗೀತು. ನುಣುಪೇನಲ್ಲ, ಅಲ್ಲಲ್ಲಿ ಅಲೆ ಅಲೆ. ತಾರಸಿ ಮೇಲಿಂದ ಬಿಂದಿಗೆ ಬಿಂದಿಗೆ ನೀರು ಸುರಿದು ನೆನೆಸಿದ್ವಿ. ಆಗ ಬರ್ತಿದ್ದ ವಾಸನೆಯೇ ಇದು... ದೀಪಾವಳಿ ಕಳೆದ ಮೇಲೆ ಸೈಕ್ಲೋನು ಬಂತು. ಬಿಡದೆ ಹೊಡೀತು. ಊರಲ್ಲಿ ಹಳೇ ಗೋಡೆಗಳು ಬಿದ್ವು. ಮಳೆ ನಿಂತ ಬೆಳಿಗ್ಗೆ ನಾನು ಓಡಿಹೋಗಿ ನೋಡಿದ್ರೆ, ಅಕ್ಕ ಒಳಗಡೆ ಗೋಡೆಗೆ ಬೆನ್ನು ಕೊಟ್ಟು ಕೂತು ಕಾಫಿ ಕುಡೀತಿದ್ರು. "ಮುಟ್ಟಿ ನೋಡೇ, ಒಂದು ಚೂರೂ ತೇವ ಇಲ್ಲ," ಅಂದ್ರು. ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಇಬ್ಬರೂ ಸುಮ್ಮನೆ ನಕ್ಕೆವು, ಹುಚ್ಚರ ಹಾಗೆ.

ಆಮೇಲೆ ಅಕ್ಕ ಬಾಂಡ್ಲಿ ಹೊರೋಕೆ ಹೋಗಲಿಲ್ಲ. ಕರಣೆ ತಗೊಂಡೇ ಹೋದ್ರು. ಕೊಟ್ಟ ಕಡೆ ಮಾಡಿದ್ರು, ಕೊಡದವರಿಗೆ ನಾಲ್ಕು ಮಾತು ಅಂದು ಬಂದ್ರು. ಮಗಳನ್ನ ಶ್ರೀನಿವಾಸಪುರಕ್ಕೆ ಮದುವೆ ಮಾಡಿಕೊಟ್ರು. ಕೊನೇವರೆಗೂ ಆ ಮನೇಲೇ ಇದ್ರು. ಹೋದ ವರ್ಷ, ಎದೆನೋವು ಅಂತ ಹೇಳಿದ ದಿನವೇ ಹೊರಟುಹೋದ್ರು... ಮಗಳು ಮನೆ ಕೀ ನನ್ನ ಕೈಲಿಟ್ಟು, "ನೋಡ್ಕೊಳ್ಳಿ ಚಿಕ್ಕಮ್ಮ," ಅಂದಳು.

ಮೊನ್ನೆ ಅಕ್ಕನ ಮೈದುನ, ಅದೇ ಆ ಆಚೆಮನೆಯವನು, ನಮ್ಮನೆಗೆ ಬಂದ. ಅವನಿಗೂ ವಯಸ್ಸಾಗಿದೆ. ಈಗ ಅಂಗಳ ಬಿಡದೆ ಅಕ್ಕನ ಗೋಡೆಗೆ ಒತ್ತಿ ಕಟ್ಟಿಸಿ, ಮೇಲೆ ಮಹಡಿ ಎಬ್ಬಿಸಿದ್ದಾನೆ. ಮೂರು ಕಡೆ ಗಾರೆ ಮುಗಿದಿದೆ. ನಾಲ್ಕನೇ ಕಡೆ ಮಾಡಬೇಕಾದ್ರೆ ಮೇಸ್ತ್ರಿಗಳು ಅಕ್ಕನ ತಾರಸಿ ಮೇಲೆ ನಿಲ್ಲಬೇಕು.

"ಮಳೆ ಬಂದ್ರೆ ಇಟ್ಟಿಗೆ ನೀರು ಕುಡಿದು ಒಳಗೆಲ್ಲ ಸೋರುತ್ತೆ ಕಣಮ್ಮ. ನಾಲ್ಕು ದಿನ ಕೀ ಕೊಡು."

ಅಕ್ಕನ ಮಗಳಿಗೆ ಫೋನ್ ಮಾಡಿದೆ. "ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ ಚಿಕ್ಕಮ್ಮ," ಅಂದಳು. ನಿಜ ಹೇಳ್ತೀನಿ, ಕೀ ತರೋಕೆ ಎದ್ದಿದ್ದೆ. ಅಷ್ಟರಲ್ಲಿ ಅವನು ಜೊತೇಲಿ ಬಂದಿದ್ದ ಮೇಸ್ತ್ರಿಗೆ ಹೇಳಿದ, "ಅಕ್ಕಪಕ್ಕದವರು ಅಂದ್ಮೇಲೆ ಬಿಟ್ಟುಕೊಡಬೇಕಪ್ಪ. ಆ ಕಾಲದಲ್ಲಿ ನಮ್ಮತ್ತಿಗೆ ಗೋಡೆಗೆ ನಾನೇ ಸಾರವೆ ಕಟ್ಟಿಸಿ ಗಾರೆ ಮಾಡಿಸಿಕೊಟ್ಟೆ."

ನಾನು ಅಲ್ಲೇ ನಿಂತೆ. ಹಗ್ಗ ಹಿಡಿದು ಬಾಂಡ್ಲಿ ಇಳಿಸಿದವಳ ಮುಂದೇನೇ! ನನ್ನ ಮುಖ ನೋಡ್ಕೊಂಡೇ!

"ನೀವು ಮಾಡಿಸಿದ್ರಾ?"

ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕ್ಕೊಂಡ.

"ಆ ಗೋಡೆ ಯಾರು ಮಾಡಿದ್ದು, ಹೇಗೆ ಮಾಡಿದ್ದು, ಈ ಮೇಸ್ತ್ರಿಗೆ ನಿಮ್ಮ ಬಾಯಲ್ಲೇ ಹೇಳಿ. ಅಷ್ಟು ಸಾಕು. ಈಗಲೇ ಕೀ ಕೊಡ್ತೀನಿ."

ಅವನು ಚಪ್ಪಲಿ ಹುಡುಕೋಕೆ ಶುರು ಮಾಡಿದ. ಮೇಸ್ತ್ರಿ ನನ್ನ ಮುಖ ನೋಡಿದ, ಅವನ ಮುಖ ನೋಡಿದ. ಇಬ್ಬರೂ ಹೊರಟುಹೋದ್ರು.

ಮನೆಯವರು ನನ್ನನ್ನೇ ಬೈತಿದ್ದಾರೆ, ಹಳೇದೆಲ್ಲ ಯಾಕೆ ಕೆದಕ್ತೀಯ, ವಯಸ್ಸಾದೋನು ಅಂತ. ಬೈಲಿ. ಗೋಡೆ ಇರೋವರೆಗೂ ಅದು ಯಾರ ಕೈ ಕೆಲಸ ಅನ್ನೋದು ಹಳೇದಾಗಲ್ಲ. ಇವತ್ತು ಮೂಡಲಲ್ಲಿ ಮೋಡ ಕಟ್ಟಿದೆ. ತಾರಸಿ ಮೇಲಿಂದ ಅವನ ಮಹಡಿಯ ಬರೀ ಇಟ್ಟಿಗೆ ಕಾಣ್ತಿದೆ. ಅಕ್ಕ ಇದ್ದಿದ್ರೆ ಏನು ಮಾಡ್ತಿದ್ರು ಅನ್ನೋದು ನನಗೆ ಚೆನ್ನಾಗಿ ಗೊತ್ತು. ಅವನಿಗೆ ನಾಲ್ಕು ಬೈದು, "ನಾನು ಎತ್ತಿ ಆಡಿಸಿದ ಮಗು ಕಣೇ, ಅವನ ಮನೆ ಸೋರಬಾರದು, ಕೊಡು," ಅಂತ ನನಗೂ ಎರಡು ಬೈದು ಕೀ ಕೊಡಿಸ್ತಿದ್ರು.

ಈಗ ನನ್ನನ್ನ ಹಾಗೆ ಬೈಯೋಕೆ ಅವರಿಲ್ಲ. ನಾನು ಕೀ ಕೊಟ್ಟಿಲ್ಲ.