‘ಚೆನ್ನಾಗಿದೆ’ ಎಂದುಬಿಟ್ಟ ವಾರ್ತೆಯಣ್ಣ

ಯಾರ ಮನೆಯ ಹಾಲು ಉಕ್ಕಿತು, ಯಾರ ಬೆಕ್ಕು ಯಾರ ಮೀನು ಕದ್ದಿತು ಎಂದು ತಿಳಿಯಲು ಆ ಬೀದಿಯ ಜನ ಪತ್ರಿಕೆ ಕೊಳ್ಳುತ್ತಿರಲಿಲ್ಲ. ಸಲೂನಿಗೆ ಹೋಗಿ ತಲೆ ಕೊಡುತ್ತಿದ್ದರು. ಸಲೂನಿನವನಿಗೆ ತಂದೆತಾಯಿ ಇಟ್ಟ ಹೆಸರು ಏನೇ ಇರಲಿ, ಬೀದಿ ಇಟ್ಟದ್ದು ವಾರ್ತೆಯಣ್ಣ ಎಂದು. ಅವನ ಕತ್ತರಿ ಹರಿತವೋ ನಾಲಿಗೆ ಹರಿತವೋ ಎಂದು ಗಿರಾಕಿಗಳು ಬೆಂಚಿನ ಮೇಲೆ ಕೂತು ವಾದ ಮಾಡುತ್ತಿದ್ದರು. ಕೂತವನ ಸುತ್ತ ಗಾಣದ ಎತ್ತಿನಂತೆ ತಿರುಗುತ್ತಾ ಅವನು ಊರಿನ ಸುದ್ದಿಯನ್ನೆಲ್ಲ ಹಿಂಡಿ ಎಣ್ಣೆ ತೆಗೆಯುವನು. ಗಿರಾಕಿ ಬೀದಿಯ ತಿರುವು ದಾಟಿದ ಮೇಲೆ ಕಿವಿಯ ಹಿಂದೆ ಒಂದು ಕೂದಲು ಉಳಿದದ್ದು ನೆನಪಾದರೆ ಕತ್ತರಿ ಹಿಡಿದು ಬೆನ್ನಟ್ಟುವನು. ಒಮ್ಮೆ ಹೊಸಬನೊಬ್ಬ ಇದನ್ನು ಕಂಡು “ಕೊಲೆ, ಕೊಲೆ” ಎಂದು ಕೂಗಿಕೊಂಡದ್ದೂ ಉಂಟು.

ಅಂಥವನಿಗೆ ಸಕ್ಕರೆ ಕಾಯಿಲೆ ಹಿಡಿಯಿತು. ಚಪ್ಪಲಿ ಕಚ್ಚಿದ ಸಣ್ಣ ಗಾಯ ದೊಡ್ಡದಾಯಿತು. ಆಸ್ಪತ್ರೆಯವರು ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಮನೆಗೆ ಬಂದವನು ಮಂಚ ಹಿಡಿದ. ಗಾಯ ಮಾಗಿದ ಮೇಲೆ ಆಸ್ಪತ್ರೆಯವರು ಕೊಟ್ಟ ಹೊಸ ಕೃತಕ ಕಾಲು ಮಂಚದ ಕೆಳಗೆ ಧೂಳು ತಿನ್ನುತ್ತಾ ಬಿತ್ತು. ಮನೆಯ ಮುಂಭಾಗ ಸಲೂನು, ಹಿಂದೆ ಅವನ ಕೋಣೆ, ನಡುವಿನ ಪಡಸಾಲೆಯಲ್ಲಿ ಅವನ ಅಕ್ಕನ ಹೊಲಿಗೆ ಯಂತ್ರ. ಗಂಡ ತೀರಿಕೊಂಡ ಮೇಲೆ ಅಕ್ಕ ತಮ್ಮನ ಜೊತೆಯಲ್ಲೇ ಇದ್ದಳು. ದೈವಭಕ್ತೆ ನಿಜ, ಆದರೆ ಪ್ರಾರ್ಥನೆ ಮಾಡುವಾಗಲೂ ದೇವರಿಗೇ ಒಂದು ಉಪಾಯ ಹೇಳಿಕೊಡುವ ಜಾತಿ.

“ಲೋ, ಹೋಗಿದ್ದು ಕಾಲು ಕಣೋ, ಬಾಯಲ್ಲ. ಒಂದು ಮಾತಾದ್ರೂ ಆಡೋ” ಎಂದಳು.

ತಮ್ಮ ಗೋಡೆಯ ಕಡೆ ಮಗ್ಗುಲಾದ. ತಟ್ಟೆಯಲ್ಲಿ ಅನ್ನ ಆರಿತು. ಬಂದವರೆಲ್ಲ “ಧೈರ್ಯ ತಂದ್ಕೋ, ಕೈ ನೆಟ್ಟಗಿದ್ಯಲ್ಲ” ಎಂದು ಹೇಳಿ ಹೋದರು. ಇದು ಹಟವೆಂದು ಅಕ್ಕ ತೀರ್ಮಾನಿಸಿದಳು. ಹಟಕ್ಕೆ ಅವಳ ಬಳಿ ಮದ್ದಿತ್ತು.

ಬೇಕರಿಯವನನ್ನೂ ಅಂಚೆಯವನನ್ನೂ ಕರೆದು ಕಿವಿಯಲ್ಲಿ ಊದಿದಳು. “ನಾನು ನಿಮ್ಮ ತಲೆ ಕೆಡಿಸ್ತೀನಿ. ನೀವು ಹೋಗಿ ಅವನ ಮುಂದೆ ನಿಂತ್ಕೊಳ್ಳಿ. ಸಹಿಸೋಕಾಗ್ದೆ ಅವನೇ ಎದ್ದು ಬರ್ತಾನೆ.”

ಬೇಕರಿಯವನು ತಲೆ ಸವರಿಕೊಂಡ. “ಅಕ್ಕಾ, ಮುಂದಿನ ತಿಂಗಳು ನನ್ನ ನಾದಿನಿ ಮದುವೆ.”

“ಮದುವೆ ನಿನ್ನ ನಾದಿನೀದು. ನಿನ್ನ ತಲೆ ಯಾರು ನೋಡ್ತಾರೆ? ಕೂತ್ಕೋ.”

ಬಟ್ಟೆ ಕತ್ತರಿಸುವ ಕೈಗೆ ಕೂದಲು ಯಾವ ಲೆಕ್ಕ ಎಂದುಕೊಂಡಳು. ಟೇಪು ಹಿಡಿದು ಹಣೆ ಅಳೆದಳು. ಬೇಕರಿಯವನ ಕತ್ತಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಎಡಗಡೆ ಎರಡು ಬೆರಳು ಉದ್ದ ಬಿಟ್ಟಳು.

“ಇದ್ಯಾಕೆ ಬಿಟ್ರಿ?”

“ಒಗೆದ ಮೇಲೆ ಕುಗ್ಗುತ್ತಲ್ಲ, ಅದಕ್ಕೆ.”

ಸಂಚಿನ ಸುಳಿವೇ ಇಲ್ಲದ ಮೇಷ್ಟ್ರು ಅಷ್ಟರಲ್ಲಿ ಬಂದು, ಸಲೂನು ತೆರೆದಿದೆಯೆಂದು ಸಂತೋಷಪಟ್ಟು, ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತರು. ಕೂದಲಿನ ಬಗ್ಗೆ ಅವರಿಗೆ ಅಭಿಮಾನ ಜಾಸ್ತಿ. ಕಣ್ಣು ತೆರೆದಾಗ ಅಭಿಮಾನಕ್ಕೆ ಆಧಾರವೇ ನೆಲದ ಮೇಲಿತ್ತು. “ಅಯ್ಯೋ, ಇದೇನಮ್ಮಾ! ನಾಳೆ ಮಕ್ಕಳ ಮುಂದೆ ಹೇಗೆ ನಿಂತ್ಕೊಳ್ಳಲಿ?”

“ನನ್ನ ತಮ್ಮನ ಹತ್ರ ದೂರು ಹೇಳಿ, ಹೋಗಿ” ಎಂದು ಅಕ್ಕ ಅವರನ್ನೂ ಒಳಗೆ ದಬ್ಬಿದಳು.

ಮೂರು ತಲೆಗಳು ಮಂಚದ ಮುಂದೆ ಸಾಲಾಗಿ ನಿಂತವು. ಒಂದು ಇಲಿ ಕಡಿದ ಚಾಪೆ, ಒಂದು ಅರ್ಧ ಕೊಯ್ದ ಹುಲ್ಲುಗಾವಲು. ಮೇಷ್ಟ್ರದ್ದಕ್ಕೆ ಹೋಲಿಕೆ ಸಿಗುವುದು ಕಷ್ಟ. ಅಕ್ಕ ಬಾಗಿಲ ಸಂದಿಯಲ್ಲಿ ಸೆರಗು ಕಚ್ಚಿಕೊಂಡು ಕಾದಳು. ಈಗ ಬೈತಾನೆ, ಈಗ ಕತ್ತರಿ ಕೇಳ್ತಾನೆ.

ವಾರ್ತೆಯಣ್ಣ ಒಬ್ಬೊಬ್ಬರನ್ನೇ ನೋಡಿದ. “ಚೆನ್ನಾಗಿದೆ” ಎಂದ. ಮತ್ತೆ ಗೋಡೆಯ ಕಡೆ ತಿರುಗಿದ.

ಯಾರಿಗೂ ನಗು ಬರಲಿಲ್ಲ. ಪಡಸಾಲೆಗೆ ಬಂದ ಬೇಕರಿಯವನು ಪಿಸುಗುಟ್ಟಿದ: “ಅಕ್ಕಾ, ಚೆನ್ನಾಗಿದೆ ಅಂದ್ಬಿಟ್ನಲ್ಲ! ಇದು ಹಟ ಅಲ್ಲ. ಇನ್ನೇನೋ ಆಗಿದೆ ಅವನಿಗೆ.”

ಹಟ ಮಾಡುವವನಿಗೆ ಏನೋ ಒಂದು ಬೇಕಾಗಿರುತ್ತದೆ. ತನ್ನ ತಮ್ಮನಿಗೆ ಏನೂ ಬೇಕಾಗಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅಂದು ದೇವರ ಮುಂದೆ ಕೂತಾಗ ಹೇಳಿಕೊಡಲು ಯಾವ ಉಪಾಯವೂ ಇರಲಿಲ್ಲ. “ಇವನನ್ನ ಉಳಿಸಿಕೊಡಪ್ಪ” ಎಂದಷ್ಟೇ ಅಂದಳು.

ಮರುದಿನವೇ ಆಸ್ಪತ್ರೆ. ಗಾಲಿಕುರ್ಚಿ ತಳ್ಳಿದ್ದು ಅಂಚೆಯವನು. ಡಾಕ್ಟರಮ್ಮ ಮೊದಲು ಅವನನ್ನೇ ನೋಡಿ “ತಲೆಗೆ ಪೆಟ್ಟು ಬಿದ್ದಿದ್ದು ಯಾವಾಗ?” ಎಂದು ಕೇಳಿದರು. ಅವನು ಅಕ್ಕನ ಮುಖ ನೋಡಿದ. ಅಕ್ಕ ಸೂರು ನೋಡಿದಳು.

ಆಮೇಲೆ ಡಾಕ್ಟರಮ್ಮ ವಾರ್ತೆಯಣ್ಣನ ಎದುರು ಕುರ್ಚಿ ಎಳೆದುಕೊಂಡು ಕೂತರು. ನಿದ್ದೆ ಬರುತ್ತಾ? ಇಲ್ಲ. ಊಟ? ಮಣ್ಣು ತಿಂದ ಹಾಗೆ. “ಬದುಕಿರೋದೇ ಬೇಡ ಅನ್ಸುತ್ತಾ?” ಅವನು ಹೌದೆಂದು ತಲೆಯಾಡಿಸಿದ.

ಒಂದೇ ಸೂರಿನ ಕೆಳಗಿದ್ದೂ ಈ ಪ್ರಶ್ನೆಗಳಲ್ಲಿ ಒಂದನ್ನೂ ತಾನು ಕೇಳಿರಲಿಲ್ಲವಲ್ಲ ಎಂದು ಅಕ್ಕ ಕಣ್ಣೊರೆಸಿಕೊಂಡಳು.

“ಇದು ಸೋಮಾರಿತನ ಅಲ್ಲಮ್ಮ, ಕಾಯಿಲೆ. ಖಿನ್ನತೆ. ಕೈಕಾಲು, ಕಣ್ಣು ಕಳ್ಕೊಂಡ ಎಷ್ಟೋ ಜನರಿಗೆ ಬರುತ್ತೆ. ಮಾತ್ರೆ ಕೊಡ್ತೀನಿ, ಕೂತು ಮಾತಾಡೋರ ಹತ್ರಾನೂ ಕಳಿಸ್ತೀನಿ. ಒಬ್ಬನೇ ಬಿಡಬೇಡಿ. ಆತುರವೂ ಬೇಡ” ಎಂದರು ಡಾಕ್ಟರಮ್ಮ.

ಆತುರ ಬೇಡ ಎನ್ನುವುದೇ ಅಕ್ಕನಿಗೆ ಕಹಿ ಔಷಧಿ. ಆದರೂ ನುಂಗಿದಳು. ಸಲೂನಿನ ಕತ್ತರಿ, ಬ್ಲೇಡುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಯಂತ್ರವನ್ನು ಎತ್ತಿಸಿ ತಮ್ಮನ ಕೋಣೆಗೇ ಹಾಕಿಸಿಕೊಂಡಳು. ಅವನು ಸುಮ್ಮನಿದ್ದರೆ ತಾನೂ ಸುಮ್ಮನೆ ಹೊಲಿದಳು. ವಾರಗಳು ಕಳೆದವು. ಒಂದು ಮಧ್ಯಾಹ್ನ ಅವನೇ ಬಾಯಿಬಿಟ್ಟ.

“ಅಕ್ಕ, ಸಲೂನಲ್ಲಿ ಎರಡು ಗೋಡೆಗೂ ಕನ್ನಡಿ ಇದೆ. ನಡುವೆ ನಿಂತ್ರೆ ಒಬ್ಬ ಕುಂಟ ಅಲ್ಲ, ನೂರು ಜನ ಕುಂಟರು ಕಾಣ್ತಾರೆ.”

ಅಕ್ಕನ ನಾಲಿಗೆ ತುದಿಗೆ ಹತ್ತು ಸಮಾಧಾನ ಬಂದವು. ಎಲ್ಲವನ್ನೂ ನುಂಗಿಕೊಂಡಳು. “ಯಾವ ಗೋಡೇದು ತೆಗೀಲಿ?” ಎಂದು ಕೇಳಿದಳು.

“ಹಿಂದಿನ ಗೋಡೇದು.”

ಕನ್ನಡಿ ಇಳಿಯಿತು. ಅವನು ಸಲೂನಿಗೆ ಬಂದದ್ದು ಇನ್ನೂ ಎಷ್ಟೋ ದಿನ ಕಳೆದ ಮೇಲೆ. ಆ ಹೊತ್ತಿಗೆ ಡಾಕ್ಟರಮ್ಮ ಒಪ್ಪಿದ್ದರು, ಪೆಟ್ಟಿಗೆಯ ಬೀಗವೂ ತೆರೆದಿತ್ತು. ಮೊದಲು ಗಾಲಿಯ ಸ್ಟೂಲಿನಲ್ಲಿ ಕೂತು, ಆಮೇಲೆ ಹೊಸ ಕಾಲು ಹಾಕಿಕೊಂಡು ಗೊಣಗುತ್ತಾ ಕೆಲಸ ಮಾಡಿದ. ಬೇಕರಿಯವನು “ಕನ್ನಡಿ ಇಲ್ದೆ ನನ್ನ ತಲೆ ಹಿಂದುಗಡೆ ಕಾಣ್ಸಲ್ಲ” ಎಂದು ದೂರಿದ.

“ಪುಣ್ಯ ಮಾಡಿದ್ದೀಯ. ದಿನಾ ನೋಡೋದು ನಿನ್ನ ಹಿಂದೆ ಬರೋರ ಕರ್ಮ” ಎಂದ ವಾರ್ತೆಯಣ್ಣ. ಬೆಂಚಿನ ಮೇಲಿದ್ದವರು ನಕ್ಕರು. ಒಳಗೆ ಯಂತ್ರದ ಮುಂದೆ ಅಕ್ಕ ಸೂಜಿಗೆ ದಾರ ಪೋಣಿಸಲಾರದೆ ಸ್ವಲ್ಪ ಹೊತ್ತು ಹಾಗೇ ಕೂತಳು.

ಆದರೆ ಕಾಯಿಲೆ ಹೇಳದೆ ಬರುವ ನೆಂಟನ ಹಾಗೆ. ಒಂದು ಬೆಳಿಗ್ಗೆ ತಮ್ಮ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದ. ಅಕ್ಕ ಮಂಚದ ಬಳಿ ಬಂದಳು.

“ಇವತ್ತು ಆಗಲ್ಲ ಅಕ್ಕ” ಎಂದ ಅವನು.

ಮೊದಲು ಅದನ್ನೂ ಹೇಳುತ್ತಿರಲಿಲ್ಲ. ಅಕ್ಕ ಹೊದಿಕೆ ಸರಿಮಾಡಿ, ಕೋಣೆಯ ಬಾಗಿಲು ತೆರೆದೇ ಇಟ್ಟು, ಹೊರಗೆ ಹೋದಳು. ಬೆಂಚಿನ ಮೇಲೆ ಮೇಷ್ಟ್ರು ಕಾದಿದ್ದರು.

“ಇವತ್ತು ಅಂಗಡಿ ಇಲ್ಲ ಮೇಷ್ಟ್ರೇ.”

“ಯಾಕೆ, ಕಾಲು ನೋವಾ?”

“ಕಾಲಲ್ಲ. ಮನಸ್ಸಿಗೆ ಹುಷಾರಿಲ್ಲ” ಎಂದಳು ಅಕ್ಕ. ಜ್ವರ ಎನ್ನುವಷ್ಟೇ ಸಲೀಸಾಗಿ, ದನಿ ತಗ್ಗಿಸದೆ.

ಮೇಷ್ಟ್ರು ಬೆಂಚಿನಿಂದ ಎದ್ದರು. “ಆಗ್ಲಿ, ಮಲಗಲಿ ಪಾಪ. ನಾನು ನಾಡಿದ್ದು ಬರ್ತೀನಿ.”

ಒಳಗಿನಿಂದ ಕ್ಷೀಣವಾಗಿ, ಆದರೆ ಸ್ಪಷ್ಟವಾಗಿ ದನಿ ಬಂತು: “ನಾಡಿದ್ದು ಬೇಡ ಅನ್ನಕ್ಕ. ಅವತ್ತು ಅಂಚೆಯವನು ಬರ್ತಾನೆ. ಶುಕ್ರವಾರ ಬರ್ಲಿ. ಎಣ್ಣೆ ಹಚ್ಕೊಂಡು ಬರಬೇಡಿ ಅನ್ನು. ಹೋದ್ಸಲ ಬಾಚಣಿಗೆ ಜಾರಿ ಜಾರಿ ನನಗೆ ಸಾಕಾಗೋಯ್ತು.”