ಏಳನೆಯ ಕುಳಿಯ ಗರಿಕೆ

ಕಡಲ ಮೇಲೆ ಇನ್ನೂ ಪೂರಾ ಬೆಳಕು ಹರಿದಿಲ್ಲ. ಮೀನಿನ ದೋಣಿಗಳು ದಡಕ್ಕೆ ಮರಳುವ ಹೊತ್ತು. ಪ್ರಯಾಗಬಾಯಿ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಹಣೆಗೆ ವಿಭೂತಿ ಧರಿಸಿ, ಆಗಲೇ ಏಳನೆಯ ಕುಳಿಯ ಬಳಿ ಮಂಡಿಯೂರಿದ್ದಾರೆ. ಅಂಚಿನಲ್ಲಿ ಉಳಿದ ಗೇಣು ಜಾಗಕ್ಕೆ ಗರಿಕೆಯ ಒಂದೊಂದೇ ಗೆಣ್ಣನ್ನು ಊರಿ, ಹೆಬ್ಬೆರಳಿನಿಂದ ಅದುಮುತ್ತಾರೆ.

ಇದು ಕೊಂಕಣದ ಶಿಂಪಲೆವಾಡಿ. ನಲವತ್ತು ಮನೆ, ಒಂದು ಗುಡಿ, ಅದರಾಚೆ ಒಂಬತ್ತು ಕುಳಿಗಳ ಪುಟ್ಟ ಗಾಲ್ಫ್ ಮೈದಾನ. ಆಡುವವರು ಚೆಂಡು ನೋಡುತ್ತಾರೆ, ಕಡಲು ನೋಡುತ್ತಾರೆ. ಹುಲ್ಲಿನ ಮೇಲೆ ಬಾಗಿದ ಬೆನ್ನು ಅವರಿಗೆ ಕಾಣುವುದು ಕಡಿಮೆ. ಕುಳಿಯ ಸುತ್ತಲಿನ ನುಣುಪು ಹಾಸಿನಲ್ಲಿ ಹುಲ್ಲು ಜೋಳದ ಕಾಳಿಗಿಂತ ಎತ್ತರ ಬೆಳೆಯಕೂಡದು. ದಿನಕ್ಕೆ ಮೂರು ಹಾಸಿನ ಕಳೆ ಕೈಯಲ್ಲೇ ಆರಿಸಬೇಕು. ಹನ್ನೊಂದು ವರ್ಷದಿಂದ ಅದು ಪ್ರಯಾಗಬಾಯಿಯವರ ಕೆಲಸ. ಹುಲ್ಲು ಕತ್ತರಿಸುವ ಯಂತ್ರ ಗಂಡ ರೇವಣಪ್ಪನವರದು.

ಅವರ ಊರು ಕನ್ನಡ ಗಡಿಗೆ ಹತ್ತಿದ ಉಮರ್ಗಾ ತಾಲೂಕಿನ ದಾಳಿಂಬ. ಹೆದ್ದಾರಿ ಅಗಲವಾದಾಗ ಹೊಲದ ಒಂದು ಮಗ್ಗುಲು ಹೋಯಿತು. ಉಳಿದದ್ದನ್ನು ಮೈದುನನಿಗೆ ಒಪ್ಪಿಸಿ, ಹುಲ್ಲು ಹಾಸುವ ಗುತ್ತಿಗೆದಾರನ ಜೊತೆ ಇಬ್ಬರೂ ಇಲ್ಲಿಗೆ ಬಂದರು.

ಮೊದಲ ದಿನವೇ ಎಡವಟ್ಟು. ಕಳೆ ತೆಗೆಯಲು ಹೇಳಿ ಮ್ಯಾನೇಜರ್ ಶೈಲೇಶ ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಹಾಸಿನ ಕಾಲುಭಾಗ ಬುಡಮೇಲಾಗಿತ್ತು. "ಮಾವಶಿ, ಹೇ ಕಾಯ ಕೇಲಂ!" ಇದೇನು ಮಾಡಿಬಿಟ್ಟೆ ಚಿಕ್ಕಮ್ಮಾ ಎಂದು ಅವರು ಮರಾಠಿಯಲ್ಲಿ ಕೂಗಿ ತಲೆ ಹಿಡಿದುಕೊಂಡರು. ಕಿತ್ತದ್ದು ಕಳೆಯನ್ನಲ್ಲ, ಅಲ್ಲಿ ಬೆಳೆಸಿದ್ದ ಗರಿಕೆಯನ್ನೇ.

"ನಮ್ಮ ಎರಿ ಹೊಲದಾಗ ಕರಕಿ ಅಂದ್ರ ವೈರಿ ರೀ," ಎಂದು ಪ್ರಯಾಗಬಾಯಿ ಈಗ ಅದನ್ನು ನೆನೆದು ನಗುತ್ತಾರೆ. "ಒಂದು ಗೆಣ್ಣ ಉಳೀತಂದ್ರ ಮುಂದಿನ ವರ್ಷ ತೊಗರಿನ ನುಂಗ್ತದ. ಇಲ್ಲಿ ಸಾಹೇಬರು ಅದನ್ನೇ ಸಾಕ್ಯಾರಂತ ನನಗೇನ್ ಗೊತ್ತು?"

"ಊರಿಗಿ ಕಳಸಲಿ ಅಂತಲೇ ಆಕಿ ಕಿತ್ತಾಳ ನೋಡ್ರಿ," ಎಂದು ಯಂತ್ರ ಒರೆಸುತ್ತಿದ್ದ ರೇವಣಪ್ಪ ಕುಟುಕುತ್ತಾರೆ.

ಮಾತಿನಲ್ಲಿ ನಿಜವೂ ಉಂಟು. ಆಕೆಯ ಜೀವ ಎಳೆಯುವುದು ಹೊಲಕ್ಕೆ ಎಡೆ ಒಯ್ಯುವ ಎಳ್ಳ ಅಮಾವಾಸ್ಯೆಗೆ. "ತಲಿ ಮ್ಯಾಲ ಅಂಬಲಿ ಗಡಿಗಿ, ಬುಟ್ಟ್ಯಾಗ ಭಜ್ಜಿ, ಸಜ್ಜಿ ಕಡಬು. ನಿಂತ ಬೆಳಿಗಿ ಚರಗ ಚೆಲ್ಲಿದ್ರ ಭೂಮ್ತಾಯಿ ಉಂಡಂಗ ರೀ." ಅಮಾವಾಸ್ಯೆಯ ಆಸುಪಾಸಿನಲ್ಲೇ ಇಲ್ಲಿ ದೊಡ್ಡ ಪಂದ್ಯ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ರಜೆ ಸಿಕ್ಕಿಲ್ಲ. "ಹೋದ ವರ್ಷ ಕಡಲಿಗೇ ಚರಗ ಚೆಲ್ಲಿದೆ. ಆ ಉಪ್ಪ ನೀರಿಗಿ ಎಲ್ಲಿ ಹಸಿವಿ?"

ಈ ಸಲ ಮಳೆಗಾಲದ ಉಬ್ಬರದಲ್ಲಿ ಕಡಲು ಏರಿ ಬಂದು ಏಳನೆಯ ಹಾಸು ಉಪ್ಪಿಗೆ ಸುಟ್ಟುಹೋಯಿತು. ಅಮಾವಾಸ್ಯೆಯೊಳಗೆ ಅದು ಹಸಿರಾದರೆ ನಾಲ್ಕು ದಿನ ರಜೆ ಎಂದರು ಶೈಲೇಶ. ಅಂದಿನಿಂದ ಪ್ರಯಾಗಬಾಯಿ ಸಿಹಿನೀರು ಹೊತ್ತು ನೆಲ ತೊಳೆದಿದ್ದಾರೆ. ಮೂರು ತಿಂಗಳು ಗೆಣ್ಣು ಊರಿದ್ದಾರೆ.

ಅಮಾವಾಸ್ಯೆಗೆ ಇನ್ನು ಎಂಟೇ ದಿನ. ಸೂರ್ಯ ಮೇಲೇರಿದಾಗ ಶೈಲೇಶ ಬರುತ್ತಾರೆ. ಚಪ್ಪಲಿ ಬಿಟ್ಟು ಹಾಸಿನ ಮೇಲೆ ನಡೆದು, ಚೆಂಡೊಂದನ್ನು ಮೆಲ್ಲಗೆ ಉರುಳಿಸುತ್ತಾರೆ. ಎಲ್ಲೂ ತೊಡರದೆ ಅದು ಕುಳಿಯೊಳಗೆ ಬೀಳುತ್ತದೆ.

"ಜಾ ಮಾವಶಿ. ಹೋಗಿ ಬಾ."

ಪ್ರಯಾಗಬಾಯಿ ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಮೈದುನನ ಹೆಂಡತಿ ಮಾಣಿಕಬಾಯಿಗೆ ಫೋನು ಹಚ್ಚುತ್ತಾರೆ.

"ಅಕ್ಕಾ, ಖರೇನ ಬರ್ತಿ? ಕಡಲ ಊರಿಂದ ಏನ್ ತರ್ತಿ?"

"ಏನೂ ತರಂಗಿಲ್ಲ ತಂಗಿ. ಹೊಲಕ್ಕ ಕಾಲಿಡೂಕಿಂತ ಮೊದಲ ಸೀರಿ ನೆರಗಿ ಝಾಡಿಸಿ ಬರ್ತೀನಿ. ನಾ ಬೆಳಸಿದ ಕರಕಿ ಅದು. ಒಂದು ಗೆಣ್ಣ ಬಿತ್ತಂದ್ರ ನಮ್ಮ ಹೊಲ ಬಿಡಂಗಿಲ್ಲ."