ಚಿಪ್ಪಣ್ಣನ ಬೆನ್ನು

ಭೂಲೋಕವನ್ನು ನಾಶಮಾಡುವುದೇ ತನ್ನ ಕಸುಬೆಂದು ಯಾರಾದರೂ ಹೇಳಿಕೊಂಡರೆ ನಾವು ಅವನಿಂದ ನಾಲ್ಕು ಮಾರು ದೂರ ಸರಿಯುತ್ತೇವೆ. ಚಿಪ್ಪಣ್ಣ ಹಾಗೆ ಹೇಳಿದಾಗ ಮಾತ್ರ ಅವನ ಬೀದಿಯ ಜನ ನಕ್ಕು, ಕುಳಿತುಕೊಳ್ಳಲು ಜಾಗ ಬಿಡುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಹೆಂಡತಿಯೇ ಅದನ್ನು ಮರೆತಂತಿದ್ದಳು.

ಮಕ್ಕಳೂ ದೊಡ್ಡವರೂ ಮುಗಿಬಿದ್ದು ಓದುತ್ತಿದ್ದ ಒಂದು ಕಾಮಿಕ್ಸ್ ಇತ್ತು. ಅದರಲ್ಲಿ ಆಕಾಶದಲ್ಲಿ ಹಾರುವ ಮಹಾವೀರನೊಬ್ಬ; ಅವನಿಗೆ ಎದುರಾಗಿ, ಆರಿಹೋದ ನಕ್ಷತ್ರವೊಂದರಿಂದ ಇಳಿದುಬಂದ ಐವರು ದುಷ್ಟರು. 'ಕರಾಳ ಪಂಚಕ'ವೆಂದು ಅವರ ತಂಡದ ಹೆಸರು. ಆ ಕಥೆ ಟೀವಿ ಧಾರಾವಾಹಿಯಾದಾಗ ಐದು ಮಂದಿ ಬಡವರು ಐದು ರಬ್ಬರಿನ ಮೈಗವಸುಗಳೊಳಗೆ ಹೊಕ್ಕರು. ಆಮೆಯಂತೆ ಬೆನ್ನಮೇಲೆ ಚಿಪ್ಪುಳ್ಳ ರಾಕ್ಷಸನ ಒಳಗಿದ್ದವನೇ ನಮ್ಮ ಚಿಪ್ಪಣ್ಣ. ಅವನ ಮುಖವನ್ನು ಯಾವ ನೋಡುಗನೂ ಕಂಡವನಲ್ಲ. ಆದರೆ ಭಗವಂತನ ಕಣ್ಣಿಗೆ ಮುಖವಾಡವೆಂಬುದೊಂದು ಇದೆಯೆ?

ಆ ಪಂಚಕದಲ್ಲಿ ಒಂದು ವಿಶೇಷವಿತ್ತು. ಅವರು ಲೋಕಕ್ಕೆಲ್ಲ ಕೇಡಿಗರು, ತಮ್ಮತಮ್ಮೊಳಗೆ ಮಾತ್ರ ಪರಮ ನಂಬಿಗಸ್ತರು. 'ಐವರೂ ಉಂಟು, ಇಲ್ಲವೆ ಯಾರೂ ಇಲ್ಲ' ಎಂಬುದು ಕಾಮಿಕ್ಸಿನಲ್ಲಿ ಅವರು ಮಾಡಿದ ಆಣೆ. ಚಿಪ್ಪಣ್ಣನಿಗೆ ಆ ಮಾತು ಎಷ್ಟು ಹಿಡಿಸಿತ್ತೆಂದರೆ, ಅದನ್ನು ಅವನು ಕಥೆಯಿಂದ ಎತ್ತಿ ಬದುಕಿಗೆ ಹಾಕಿಕೊಂಡುಬಿಟ್ಟಿದ್ದ. ಒಮ್ಮೆ ತಂಡದ ಕಿರಿಯವನು, ಮಿಡತೆಯ ಕಾಲುಗಳ ರಾಕ್ಷಸನಾಗಿ ನೆಗೆಯುತ್ತಿದ್ದವನು, ಎತ್ತರದಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡ. ಕಂಪನಿಯವರು ಅವನ ಮೈಗವಸಿಗೆ ಬೇರೊಬ್ಬನನ್ನು ಹುಡುಕಹೊರಟರು. ಚಿಪ್ಪಣ್ಣ ತನ್ನ ಮುಖವಾಡವನ್ನು ನೆಲದ ಮೇಲಿಟ್ಟು, "ಮಿಡತೆ ಬರೋವರೆಗೂ ನಾವು ಹಾಕ್ಕೊಳ್ಳಲ್ಲ ಸಾರ್," ಎಂದ. ಉಳಿದ ಮೂವರೂ ಅವನ ಪಕ್ಕದಲ್ಲಿ ತಮ್ಮ ಮುಖವಾಡಗಳನ್ನಿಟ್ಟರು. ಮಿಡತೆಯ ಕೆಲಸ ಉಳಿಯಿತು. ಅವನನ್ನು ಆ ಕೆಲಸಕ್ಕೆ ಕರೆತಂದವನೂ, ಮುಖವಾಡದೊಳಗೆ ಗಾಬರಿಯಾಗದೆ ಉಸಿರಾಡುವುದನ್ನು ಕಲಿಸಿದವನೂ ಚಿಪ್ಪಣ್ಣನೇ. ಒಡಹುಟ್ಟಿದ ತಮ್ಮನಿಲ್ಲದ ಕೊರಗನ್ನು ಅವನು ಹೀಗೆ ತುಂಬಿಕೊಂಡಿದ್ದ.

ಆ ಮೈಗವಸಿನ ಜಿಪ್ಪು ಬೆನ್ನ ಮೇಲಿತ್ತು. ಹಾಕಿಕೊಂಡವನ ಕೈಗೆ ಅದು ಎಟುಕುವಂತಿರಲಿಲ್ಲ. ಆದ್ದರಿಂದ ಐವರೂ ಬಳೆಯಂತೆ ಸುತ್ತುಗಟ್ಟಿ ನಿಂತು ಒಬ್ಬರ ಬೆನ್ನನ್ನು ಇನ್ನೊಬ್ಬರು ಮುಚ್ಚುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಕ್ರಮದಲ್ಲಿ ಬಿಚ್ಚುತ್ತಿದ್ದರು. ಮೂರು ಕಣ್ಣಿನ ನಾಯಕನಾಗಿದ್ದ ದೊಡ್ಡಣ್ಣನ ಬೆನ್ನು ಚಿಪ್ಪಣ್ಣನ ಪಾಲಿಗೆ. ಚಿಪ್ಪಣ್ಣನ ಬೆನ್ನು ಮಿಡತೆಯ ಪಾಲಿಗೆ. ಜಿಪ್ಪೆಳೆದಾದ ಮೇಲೆ ಮಿಡತೆ ಚಿಪ್ಪಿನ ಮೇಲೊಮ್ಮೆ ತಟ್ಟುತ್ತಿದ್ದ. ಉಸಿರಾಡಲು ಸಲೀಸಾಗಿದೆಯೇ ಎಂದು ಅದರ ಅರ್ಥ. ಚಿಪ್ಪಣ್ಣ ಭುಜ ಕುಣಿಸಿ ಉತ್ತರ ಕೊಡುತ್ತಿದ್ದ. ಅನಂತರ ಮುಖವಾಡ ಧರಿಸಿ, ಅದರ ಕತ್ತಲೆಯಲ್ಲಿ, ದೇವರಿಗಷ್ಟೇ ಕೇಳುವಂತೆ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೆನೆದು, "ಇವರ ಕೈಕಾಲು ಕಾಯಪ್ಪಾ," ಎಂದು ಬೇಡಿಕೊಳ್ಳುತ್ತಿದ್ದ. ತನಗಾಗಿ ಬೇಡಿದ್ದು ಕಡಿಮೆ. ಈಚೆಗೆ ಬಲಮಂಡಿ ನೆಗೆತಕ್ಕೆ ಬಗ್ಗದೆ ನೋಯತೊಡಗಿದಾಗಲೂ ಅದನ್ನು ದೇವರಿಗೆ ಹೇಳಲು ಸಂಕೋಚಪಟ್ಟು ಮಿಡತೆಗೆ ಹೇಳಿದ್ದ.

ಆ ದಿನ ಮಿಡತೆ ಜಿಪ್ಪೆಳೆದ, ತಟ್ಟಲಿಲ್ಲ.

"ಏನೋ, ಮರೆತೆಯಾ?"

"ಬೇಗ ಬಾ ಅಣ್ಣ, ಕರೀತಿದಾರೆ."

ತಗಡಿನ ಚಾವಣಿಯ ದೊಡ್ಡ ಶೆಡ್ಡು ಅದು. ಮರದ ಹೊಟ್ಟಿಗೆ ಬೂದು ಬಣ್ಣ ಬಳಿದು ಹರಡಿ ಚಂದ್ರನ ನೆಲವೆನ್ನಿಸಿದ್ದರು. ಹಿಂದಿನ ದಿನ ಚಿಪ್ಪಿನ ಬಿರುಕಿಗೆ ಅಂಟು ಹಾಕಿಸಲು ಚಿಪ್ಪಣ್ಣನನ್ನು ಹೊರಗೆ ಕಳುಹಿಸಿದ್ದರಿಂದ ಅವನಿಗೆ ತಾಲೀಮು ತಪ್ಪಿತ್ತು. "ನೀವು ನಡುವೆ ಸುಮ್ಮನೆ ನಿಂತ್ಕೊಳ್ಳಿ, ಮಿಕ್ಕಿದ್ದು ಅವರು ನೋಡ್ಕೋತಾರೆ," ಎಂದ ನಿರ್ದೇಶಕ. ಚಿಪ್ಪಣ್ಣ ನಿಂತ. ಮುಖವಾಡದೊಳಗೆ ಎಂದಿನಂತೆ ನಾಲ್ವರಿಗಾಗಿ ಬೇಡಿಕೊಂಡ. ಆ ಬೇಡಿಕೆ ಅವನ ತುಟಿಯಿಂದ ಇಳಿಯುವ ಮೊದಲೇ, ಯಾರಿಗಾಗಿ ಬೇಡಿದ್ದನೋ ಆ ನಾಲ್ವರು ಈಟಿ ಹಿಡಿದು ಅವನನ್ನು ಸುತ್ತುವರಿದರು.

"ಬಲಹೀನನಿಗೆ ನಮ್ಮ ನಡುವೆ ಎಡೆಯಿಲ್ಲ!" ಎಂದು ಮೂರು ಕಣ್ಣಿನವನು ಗುಡುಗಿದ.

ಮೀನಿನಂತೆ ಕಿವಿರುಳ್ಳ ರಾಕ್ಷಸನ ಈಟಿ, ಹೊಗೆ ಉಗುಳುವ ರಾಕ್ಷಸನ ಈಟಿ, ನಾಯಕನ ಈಟಿ ಒಂದೊಂದಾಗಿ ಬಂದು ತಾಗಿದವು. ರಬ್ಬರಿನ ಈಟಿಗಳು, ನೋಯಲಿಲ್ಲ. ಕೊನೆಯದು ಮಿಡತೆಯದು. ಪಾಪ, ಚಿಪ್ಪಣ್ಣ ಏನು ತಿಳಿದುಕೊಂಡ? ಎಲ್ಲೋ ಎಡವಟ್ಟಾಗಿದೆ, ತಮ್ಮನ ಕೆಲಸ ಕೆಡಬಾರದೆಂದು ತಿಳಿದುಕೊಂಡ. ಮುಖವಾಡದೊಳಗಿಂದಲೇ ಪಿಸುಗುಟ್ಟಿದ: "ಸ್ವಲ್ಪ ಎಡಕ್ಕೆ ಸರಿಯೋ, ಕ್ಯಾಮೆರಾಕ್ಕೆ ನೀನು ಕಾಣ್ತಿಲ್ಲ."

ಮಿಡತೆ ಎಡಕ್ಕೆ ಸರಿದು ಚುಚ್ಚಿದ. "ಬೀಳಣ್ಣ," ಎಂದ, ಅಷ್ಟೇ ಮೆಲ್ಲಗೆ. "ಬಿದ್ದುಬಿಡು."

ಚಿಪ್ಪಣ್ಣ ಬಿದ್ದ. ಶೆಡ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ನಿರ್ದೇಶಕ ಓಡಿಬಂದು ಅವನ ಮುಖವಾಡ ಕಳಚಿದ.

"ಅದ್ಭುತ! ಸತ್ತರೆ ಹೀಗೆ ಸಾಯಬೇಕು."

"ಯಾರು ಸತ್ರು ಸಾರ್?"

"ನೀವೇ. ಮೊದಲೇ ಹೇಳಿದ್ರೆ ಈ ಗಾಬರಿ ಬರ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ."

"ಮುಂದಿನ ಕಂತಲ್ಲಿ ಏಳ್ತೀನಲ್ಲ?"

ನಿರ್ದೇಶಕ ಕೆಟ್ಟವನಲ್ಲ; ಅವನ ದನಿ ಇಳಿಯಿತು. "ಇಲ್ಲ. ಇನ್ಮೇಲೆ ನಾಲ್ಕೇ ಜನ ಸಾಕು ಅಂದ್ರು ಮೇಲಿನವರು. ಯಾರು ಹೋಗಬೇಕು ಅಂತ ನಾನು ಹೇಳಲಿಲ್ಲ ಚಿಪ್ಪಣ್ಣ. ನಿಮ್ಮವರೇ ಕೂತು ತೀರ್ಮಾನ ಮಾಡಿದ್ರು."

ವೇಷ ಬಿಚ್ಚುವ ಕೋಣೆಯಲ್ಲಿ ಗೋಡೆಯ ಫ್ಯಾನೊಂದು ತಲೆಯಾಡಿಸುತ್ತಿತ್ತು. ರಬ್ಬರು, ಬೆವರು, ಪೌಡರು ಬೆರೆತ ವಾಸನೆ. ನಾಲ್ವರೂ ವೇಷದಲ್ಲೇ ನಿಂತಿದ್ದರು. ದ್ರೋಹ ಬಗೆದವರೂ ತಾವಾಗಿಯೇ ವೇಷ ಕಳಚಲಾರರು. ದೊಡ್ಡಣ್ಣನ ಜಿಪ್ಪು ಚಿಪ್ಪಣ್ಣನ ಕೈಯನ್ನೇ ಕಾಯುತ್ತಿತ್ತು. ಕೊನೆಗೆ ದೊಡ್ಡಣ್ಣ ಬೆನ್ನು ತಿರುಗಿಸಿ, "ತೆಗೆಯಪ್ಪಾ, ಬೆಂದುಹೋಗ್ತಿದೀನಿ," ಎಂದ.

ಚಿಪ್ಪಣ್ಣ ತೆಗೆದ. ಎಂದಿನಂತೆ ಸೊಂಟದ ಬಳಿ ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಬೆರಳಿಟ್ಟು ಜೋಪಾನವಾಗಿ ತೆಗೆದ.

"ನನಗೂ ಸಂಸಾರ ಇದೆ ನೋಡು," ಎಂದ ದೊಡ್ಡಣ್ಣ, ಗೋಡೆಯ ಕಡೆಗೇ ಮುಖಮಾಡಿ.

"ಇದೆ ದೊಡ್ಡಣ್ಣ. ನನಗೆ ಗೊತ್ತಿಲ್ವಾ."

ಮಿಡತೆ ಹಿಂದಿನಿಂದ ಬಂದ. "ತಿರುಗಣ್ಣ, ನಿಂದು ತೆಗೀತೀನಿ."

ಚಿಪ್ಪಣ್ಣ ತಿರುಗಲಿಲ್ಲ. ಅವನ ಮುಖವನ್ನೇ ನೋಡುತ್ತ ಕೇಳಿದ: "ನೀನೂ ಕೈ ಎತ್ತಿದೆಯಾ?"

"ಎಲ್ಲರೂ ಎತ್ತಿದ್ರು."

"ಎಲ್ಲರ ವಿಷಯ ನಾನು ಕೇಳಲಿಲ್ಲ."

"ಎತ್ತಿದೆ! ಏನೀಗ? ನನ್ನ ಪಕ್ಕೆ ಮುರಿದಾಗಿನ ಕಥೆ ತೆಗೀತೀಯ ಅಂತ ನನಗೆ ಗೊತ್ತಿತ್ತು."

"ನಾನು ಅದರ ಸುದ್ದಿನೇ ಎತ್ತಲಿಲ್ಲವಲ್ಲೋ."

ಮಿಡತೆ ಆ ಮಾತಿಗೆ ಕುಗ್ಗಿಹೋದ. ಸುಳ್ಳು ಹೇಳಿದ್ದರೆ ಪಾರಾಗುತ್ತಿದ್ದನೋ ಏನೋ, ಆದರೆ ನಿಜವೇ ಬಾಯಿಗೆ ಬಂತು. "ಯಾರನ್ನ ಬಿಡೋದು ಅಂತ ಯಾರಿಗೂ ತೋಚಲಿಲ್ಲ ಅಣ್ಣ. ಆಮೇಲೆ... ನಿನ್ನ ಮಂಡಿ ವಿಷಯ ನಾನು ಹೇಳಿದೆ. ಹೇಗೂ ನೀನು ಜಾಸ್ತಿ ದಿನ ನೆಗೆಯೋಕಾಗಲ್ಲ ಅಂತ."

ಆ ಮಂಡಿಯ ನೋವನ್ನು ಚಿಪ್ಪಣ್ಣ ಈ ಲೋಕದಲ್ಲಿ ಒಬ್ಬನ ಕಿವಿಯಲ್ಲಿ ಮಾತ್ರ ಇಟ್ಟಿದ್ದ. ಈಟಿ ಈಗ ನಾಟಿತು.

"ಬೆವೆತು ಹೋಗಿದೀಯ. ತಿರುಗಣ್ಣ," ಎಂದು ಮಿಡತೆ ಅಳುದನಿಯಲ್ಲಿ ಕೈಚಾಚಿದ.

"ಬೇಡ. ನಿನ್ನ ಕೈಗೆ ಇವತ್ತು ನನ್ನ ಬೆನ್ನು ಕೊಡಲಾರೆ."

ಹಾಗೆಂದವನೇ ಮುಖವಾಡವನ್ನು ಕಂಕುಳಲ್ಲಿರಿಸಿ, ಚಿಪ್ಪು ಹೊತ್ತುಕೊಂಡೇ ಬೀದಿಗಿಳಿದ. ಹಾಡುಹಗಲಲ್ಲಿ ರಾಕ್ಷಸನೊಬ್ಬ ಬಸ್ಸು ಹತ್ತಿದರೆ ಜನ ಸುಮ್ಮನಿರುತ್ತಾರೆಯೆ? ಸೀಟಿನಲ್ಲಿ ಕೂರಲು ಚಿಪ್ಪು ಬಿಡಲಿಲ್ಲ. ಕಂಬಕ್ಕೆ ಬೆನ್ನಾನಿಸಿ, ಕುಂಟುಮಂಡಿಯ ಮೇಲೆ ನಿಂತ.

"ಚಿಪ್ಪಣ್ಣೋರೆ, ಮನೆ ಸಮೇತ ಹತ್ತಿದೀರಿ, ಲಗೇಜ್ ಟಿಕೆಟ್ ಹರೀಲಾ?" ಎಂದ ಪರಿಚಯದ ಕಂಡಕ್ಟರು. ಬಸ್ಸೆಲ್ಲ ನಕ್ಕಿತು. ಚಿಪ್ಪಣ್ಣನೂ ನಕ್ಕ. ಕಂಡಕ್ಟರು ಮತ್ತೆ ಕೇಳಿದ: "ಒಬ್ಬರೇ ಬಂದ್ಬಿಟ್ರಿ? ಮಿಕ್ಕ ನಾಲ್ವರು ಎಲ್ಲಿ? ಐವರೂ ಉಂಟು, ಇಲ್ಲವೆ ಯಾರೂ ಇಲ್ಲ ಅಂತೀರಲ್ಲ!"

ಚಿಪ್ಪಣ್ಣ ಮುಖವಾಡವನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿ ಹಿಡಿದ. ಕಿಟಕಿಯ ಕಡೆ ನೋಡಿದ.

ಹೆಂಡತಿ ಲಾಂಡ್ರಿಯಲ್ಲಿ ಕೆಲಸ ಮುಗಿಸಿ ಆಗತಾನೇ ಮನೆಗೆ ಬಂದಿದ್ದಳು. ಬಾಗಿಲಲ್ಲಿ ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದೇನು, ರಾಕ್ಷಸರು ಮನೆವರೆಗೂ ಬಂದ್ರು?" ಎಂದವಳು, ಅವನ ಮುಖ ಕಂಡು ದಾರಿ ಬಿಟ್ಟಳು. ಅವನು ಒಳಗೆ ಬಂದು, ಅವಳು ಕೇಳದೆಯೇ ಅವಳತ್ತ ಬೆನ್ನು ತಿರುಗಿಸಿದ. ಬೆವರಿಗೆ ಜಿಪ್ಪು ಕಚ್ಚಿಕೊಂಡಿತ್ತು. ಅವಳು ಸಾಬೂನಿನ ತುಣುಕು ತಂದು ಹಲ್ಲುಗಳಿಗೆ ಉಜ್ಜಿ, ಅಂಗುಲಂಗುಲವಾಗಿ ಇಳಿಸಿದಳು.

"ಇಷ್ಟು ಬಿಗಿಯಾಗಿ ಯಾರು ಎಳೆದಿದ್ದು ಇದನ್ನ?"

"ನಮ್ಮವನೇ," ಎಂದ ಚಿಪ್ಪಣ್ಣ. ಅನಂತರ, ಮಿಡತೆ ಚಿಪ್ಪು ತಟ್ಟದೆ ಹೋದದ್ದರಿಂದ ಮೊದಲುಮಾಡಿ, ಎಲ್ಲವನ್ನೂ ಹೇಳಿದ.

ಅವಳು ಯಾರನ್ನೂ ಬಯ್ಯಲಿಲ್ಲ. ಒದ್ದೆ ಬಟ್ಟೆಯಿಂದ ಅವನ ಬೆನ್ನನ್ನು ಒರೆಸಿದಳು. ಕುತ್ತಿಗೆಯಿಂದ ಸೊಂಟದವರೆಗೆ ಜಿಪ್ಪಿನ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು. ಮರುದಿನ ಆ ಮೈಗವಸನ್ನು ತೊಳೆದು ಮಡಿಸಿ ಕಂಪನಿಗೆ ತಲುಪಿಸಿದವಳೂ ಅವಳೇ.

ವೇಷ ಕಳಚಿದ ಆ ಸಂಜೆಯೇ, ಎಂದಿನ ಹೊತ್ತಿಗೆ, ಚಿಪ್ಪಣ್ಣ ದೇವರ ಮುಂದೆ ಕೈಮುಗಿದು ಕುಳಿತ. ಮಾನವ ಹೃದಯದ ಬಾಗಿಲು ಎಷ್ಟು ಭಾರವೆಂಬುದನ್ನು, ಅದನ್ನು ಮಾಡಿದವನೊಬ್ಬನೇ ಬಲ್ಲ. ದೊಡ್ಡಣ್ಣನನ್ನು ನೆನೆದು, "ಕಾಯಪ್ಪಾ," ಎಂದ. ಕಿವಿರಿನವನನ್ನು ನೆನೆದ. ತಡವರಿಸಿ ಹೊಗೆಯವನನ್ನೂ ನೆನೆದ. ಅಲ್ಲಿಗೆ ನಾಲಗೆ ನಿಂತಿತು.

ಹೆಂಡತಿ ಕೇಳಿದಳು: "ಅವನದ್ದು ನಾನು ಹೇಳ್ಲಾ?"

"ಬೇಡ. ಅದನ್ನ ನಾನೇ ಹೇಳಬೇಕು. ಇವತ್ತು ಬಾಯಿಗೆ ಬರ್ತಿಲ್ಲ."

ಕೈ ಮುಗಿದದ್ದು ಮುಗಿದಂತೆಯೇ ಇತ್ತು. ಅವಳು ಅವನ ಬರಿಬೆನ್ನಿನ ಮೇಲೆ ಮೆಲ್ಲಗೆ ಒಮ್ಮೆ ತಟ್ಟಿದಳು. ಚಿಪ್ಪಣ್ಣನ ಭುಜ ಕುಣಿಯಲಿಲ್ಲ.